ಎಂಟರಲ್ಲಿ ಮೂರು ದೊಡ್ಡದೋ, ಐದರಲ್ಲಿ ಎರಡು ದೊಡ್ಡದೋ?

ಕಾರಟಗಿ ಕಡೆಯ ನಮ್ಮ ಶಾಲೆಯಲ್ಲಿ ಐದನೇ ತರಗತಿಗೆ ಭಿನ್ನರಾಶಿ ಪಾಠ ಶುರುಮಾಡುವ ದಿನ ನಾನು ಬೋರ್ಡಿನ ಮೇಲೆ ಎರಡೇ ಸಂಖ್ಯೆ ಬರೆಯುತ್ತೇನೆ: 1/4 ಮತ್ತು 1/8. ಯಾವುದು ದೊಡ್ಡದು ಅಂತ ಕೇಳಿದರೆ ಹೆಚ್ಚುಕಡಿಮೆ ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ, ‘ಒಂದು ಬೈ ಎಂಟು ರೀ ಟೀಚರ್!’ ಯಾಕೆ ಅಂದರೆ, ‘ನಾಕಕ್ಕಿಂತ ಎಂಟು ದೊಡ್ಡದಲ್ರೀ?’

ಬೋರ್ಡ್ ಒರೆಸಿ ಬೇರೆ ಪ್ರಶ್ನೆ ಕೇಳುತ್ತೇನೆ. ‘ಒಂದು ಜ್ವಾಳದ ರೊಟ್ಟಿ ಈ ಸಾಲಿನ್ಯಾಗ ನಾಕು ಮಂದಿಗೆ ಸಮನಾಗಿ ಹಂಚ್ತೀನಿ. ಅಂಥದೇ ಇನ್ನೊಂದು ರೊಟ್ಟಿ ಆ ಸಾಲಿನ್ಯಾಗ ಎಂಟು ಮಂದಿಗೆ ಹಂಚ್ತೀನಿ. ನೀವು ಯಾವ ಸಾಲಿಗೆ ಹೋಗ್ತೀರಿ?’ ಎಂಟು ಮಂದಿಯ ಸಾಲಿಗೆ ಒಬ್ಬರೂ ಏಳುವುದಿಲ್ಲ. ಈಗಷ್ಟೇ ಎಂಟೇ ದೊಡ್ಡದು ಎಂದು ಕೂಗಿದ ಹುಡುಗನೂ ನಾಲ್ಕರ ಸಾಲಿಗೇ ಓಡುತ್ತಾನೆ.

ಅಂದರೆ ಯಾವ ಪಾಲು ದೊಡ್ಡದು, ಯಾವುದು ಸಣ್ಣದು ಎಂಬುದು ಆ ಮಕ್ಕಳಿಗೆ ಗೊತ್ತಿದೆ. ಮನೆಯಲ್ಲಿ ಅಣ್ಣತಮ್ಮಂದಿರ ಜೊತೆ ಹೋಳಿಗೆಗೆ ಜಗಳಾಡಿ ಬೆಳೆದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಗೊತ್ತಿಲ್ಲದಿರುವುದು ಗೆರೆಯ ಮೇಲೊಂದು, ಕೆಳಗೊಂದು ಅಂಕಿ ಬರೆದ ಆ ಗುರುತು ಹೇಳುತ್ತಿರುವುದೂ ಅದೇ ಪಾಲಿನ ಮಾತನ್ನು ಎಂಬುದು. ಅವರು ಅಲ್ಲಿ ಒಂದು ಸಂಖ್ಯೆ ನೋಡುತ್ತಿಲ್ಲ, ಎರಡು ಬೇರೆಬೇರೆ ಸಂಖ್ಯೆ ನೋಡುತ್ತಿದ್ದಾರೆ. ಈ ಸೇತುವೆ ಕಟ್ಟದೆ ನೇರವಾಗಿ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಗೆರೆಯ ಕೆಳಗಿನ ಅಂಕಿಗಳೆಲ್ಲದರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಕಲಿಸಿದರೆ ಮಕ್ಕಳು ಲೆಕ್ಕ ಮಾಡುತ್ತಾರೆ, ಉತ್ತರವನ್ನೂ ಬರೆಯುತ್ತಾರೆ. ಆದರೆ ಬರೆದ ಉತ್ತರ ಸರಿಯೋ ತಪ್ಪೋ ಎಂದು ತಾವೇ ಹೇಳಲಾರರು. ಭಿನ್ನರಾಶಿ ಹೋಲಿಸುವುದನ್ನು ಕಲಿಸುವಾಗ ಮೊದಲು ಅಂದಾಜು, ಆಮೇಲೆ ವಿಧಾನ ಎಂದು ನಾನು ಗಟ್ಟಿಯಾಗಿ ನಂಬಿರುವುದು ಇದಕ್ಕೇ.

ಸೇತುವೆಗೆ ಬೇಕಾದ ಸಾಮಾನು ನಮ್ಮ ಮಾತಿನಲ್ಲೇ ಇದೆ. ‘ಭಿನ್ನ’ ಅಂದರೆ ಒಡೆದದ್ದು. ಭಿನ್ನವಾದ ಮೂರ್ತಿಯನ್ನು ಪೂಜೆಗೆ ಇಡುವುದಿಲ್ಲ ಎಂಬುದು ಹಳ್ಳಿಯ ಮಕ್ಕಳಿಗೆ ಗೊತ್ತು. ‘ಛೇದ’ ಅಂದರೆ ಕತ್ತರಿಸುವುದು, ಹಾಗಾಗಿ ಗೆರೆಯ ಕೆಳಗಿನ ಅಂಕಿ ಇಡಿಯಾದದ್ದನ್ನು ಎಷ್ಟು ಸಮ ತುಂಡು ಮಾಡಿದೆವು ಎಂದು ಹೇಳುತ್ತದೆ. ‘ಅಂಶ’ ಅಂದರೆ ಪಾಲು, ಅಂದರೆ ಮೇಲಿನ ಅಂಕಿ, ಅದರಲ್ಲಿ ಎಷ್ಟು ತುಂಡು ತೆಗೆದುಕೊಂಡೆವು ಎಂದು ಹೇಳುತ್ತದೆ. ಪತ್ರಿಕೆಯವರು ‘ಮೂರನೇ ಎರಡರಷ್ಟು ಬಹುಮತ’ ಎಂದು ಬರೆಯುತ್ತಾರಲ್ಲ, ಅಲ್ಲಿ ಛೇದ ಮೊದಲು ಬರುತ್ತದೆ, ಅಂಶ ಆಮೇಲೆ. ಕೆಲಸ ನಡೆಯುವ ಕ್ರಮವೂ ಅದೇ. ಮೊದಲು ಕತ್ತರಿಸುತ್ತೇವೆ, ಆಮೇಲೆ ಎತ್ತಿಕೊಳ್ಳುತ್ತೇವೆ. ತರಗತಿಯಲ್ಲಿ ಮಾತ್ರ ‘ಎರಡು ಬೈ ಮೂರು’ ಎನ್ನುವ ರೂಢಿ ಬೇರುಬಿಟ್ಟಿದೆ. ಆ ‘ಬೈ’ ಮಗುವಿನ ಮನಸ್ಸಿನಲ್ಲಿ ಒಂದು ಸಂಖ್ಯೆಯನ್ನು ಎರಡಾಗಿ ಸೀಳಿಬಿಡುತ್ತದೆ. ಮೊದಲ ಎರಡು ವಾರ ನನ್ನ ತರಗತಿಯಲ್ಲಿ ‘ಬೈ’ ಬೇಡ. 3/8 ಅಂದರೆ ‘ಎಂಟರಲ್ಲಿ ಮೂರು ಪಾಲು’, 2/5 ಅಂದರೆ ‘ಐದರಲ್ಲಿ ಎರಡು ಪಾಲು’. ಇಷ್ಟು ಮಾಡಿದರೇ ಅರ್ಧದಷ್ಟು ತಪ್ಪು ಉದುರಿಹೋಗುವುದನ್ನು ನಾನು ವರ್ಷವರ್ಷವೂ ಕಂಡಿದ್ದೇನೆ.

ಹೋಲಿಸುವ ಮುಂಚೆ ಒಂದು ಕರಾರು ಇದೆ. ಪಠ್ಯದಲ್ಲಿ ಅದು ಒಂದೇ ಸಾಲಿನಲ್ಲಿ ಮುಗಿಯುತ್ತದೆ, ತರಗತಿಯಲ್ಲಿ ಅದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಬೇಕು. ನಾಲ್ಕು ಎಕರೆಯ ಅರ್ಧ ದೊಡ್ಡದೋ, ಎರಡು ಎಕರೆಯ ಮುಕ್ಕಾಲು ದೊಡ್ಡದೋ? ನಾಲ್ಕು ಎಕರೆಯ ಅರ್ಧ ಎರಡು ಎಕರೆ. ಎರಡು ಎಕರೆಯ ಮುಕ್ಕಾಲು ಒಂದೂವರೆ ಎಕರೆ. ಹಾಗಾದರೆ ಅರ್ಧ ಮುಕ್ಕಾಲಿಗಿಂತ ದೊಡ್ಡದಾಯಿತೇ? ಇಲ್ಲ. ಅಲ್ಲಿ ಇಡಿಯಾದದ್ದೇ ಬೇರೆಬೇರೆ. ‘ಮುಕ್ಕಾಲು ಅರ್ಧಕ್ಕಿಂತ ದೊಡ್ಡದು’ ಎನ್ನುವ ಮಾತು ನಿಲ್ಲುವುದು ಒಂದೇ ಅಳತೆಯ ಇಡಿಯಿಂದ ಎರಡನ್ನೂ ತೆಗೆದಾಗ ಮಾತ್ರ. ಬೋರ್ಡಿನ ಮೇಲೆ ಎರಡು ವೃತ್ತ ಬರೆಯುವಾಗ ನಮ್ಮ ಕೈ ತಪ್ಪಿ ಒಂದು ದೊಡ್ಡದು, ಒಂದು ಸಣ್ಣದು ಆದರೂ ಮಗು ಅದನ್ನೇ ನಿಜ ಎಂದುಕೊಳ್ಳುತ್ತದೆ. ಹಾಗಾಗಿ ನಾನು ವೃತ್ತ ಬರೆಯುವುದನ್ನೇ ಕಡಿಮೆ ಮಾಡಿದ್ದೇನೆ. ರೊಟ್ಟಿ ಮಾತು ಶುರುಮಾಡಲು ಒಳ್ಳೆಯದು, ಅಳೆಯಲು ಅಲ್ಲ. ಗುಂಡಗಿರುವುದನ್ನು ಐದು ಸಮ ಪಾಲು ಮಾಡುವುದು ದೊಡ್ಡವರಿಗೂ ಕಷ್ಟ, ಕಟಕ್ ರೊಟ್ಟಿಯಾದರೆ ಪುಡಿಯೇ ಗತಿ. ಕಾಗದದ ಉದ್ದ ಪಟ್ಟಿ ಅದಕ್ಕಿಂತ ಎಷ್ಟೋ ಮೇಲು.

ಈಗ ಹೋಲಿಕೆಗೆ ಬರೋಣ. ಛೇದ ಒಂದೇ ಇದ್ದರೆ ಹೇಳುವುದೇನೂ ಇಲ್ಲ. 3/7 ಮತ್ತು 5/7ರಲ್ಲಿ ತುಂಡಿನ ಅಳತೆ ಒಂದೇ, ಐದು ತುಂಡು ಮೂರಕ್ಕಿಂತ ಹೆಚ್ಚು. ಮಕ್ಕಳು ಇಲ್ಲಿ ತಪ್ಪುವುದೇ ಇಲ್ಲ.

ಅಂಶ ಒಂದೇ ಇದ್ದು ಛೇದ ಬೇರೆಯಾದಾಗ ನಿಲ್ಲಬೇಕು. 3/8 ಮತ್ತು 3/10. ಎರಡರಲ್ಲೂ ಮೂರು ತುಂಡು. ಆದರೆ ಎಂಟು ಭಾಗ ಮಾಡಿದಾಗ ಸಿಗುವ ತುಂಡು ದೊಡ್ಡದು, ಹತ್ತು ಭಾಗ ಮಾಡಿದಾಗ ಸಣ್ಣದು. ದೊಡ್ಡ ತುಂಡು ಮೂರು, ಸಣ್ಣ ತುಂಡು ಮೂರು. ಹಾಗಾಗಿ 3/8 ದೊಡ್ಡದು. ‘ಅಂಶ ಸಮವಿದ್ದಾಗ ಛೇದ ಚಿಕ್ಕದಿರುವುದೇ ದೊಡ್ಡ ಭಿನ್ನರಾಶಿ’ ಎಂದು ನಿಯಮ ಬರೆಸಿ ಬಾಯಿಪಾಠ ಮಾಡಿಸುವವರಿದ್ದಾರೆ. ಬಾಯಿಪಾಠದ ನಿಯಮ ಪರೀಕ್ಷೆಯ ದಿನ ತಲೆಕೆಳಗಾಗಿ ನೆನಪಾಗುತ್ತದೆ. ‘ಮಂದಿ ಹೆಚ್ಚಾದಂಗ ಪಾಲು ಸಣ್ಣದಾಗ್ತದ’ ಎನ್ನುವ ಮಾತು ತಲೆಕೆಳಗಾಗುವುದಿಲ್ಲ, ಯಾಕೆಂದರೆ ಅದು ಮನೆಯಲ್ಲಿ ದಿನವೂ ಕಾಣುವ ಸಂಗತಿ. ನಾನು ಇದಕ್ಕೆ ಮಕ್ಕಳಿಂದಲೇ ಪಟ್ಟಿ ಮಡಚಿಸುತ್ತೇನೆ. ಒಂದು ಸಲ ಮಡಚಿದರೆ ಅರ್ಧ, ಎರಡು ಸಲ ಮಡಚಿದರೆ ಕಾಲು, ಮೂರು ಸಲಕ್ಕೆ ಎಂಟರಲ್ಲೊಂದು, ನಾಲ್ಕು ಸಲಕ್ಕೆ ಹದಿನಾರರಲ್ಲೊಂದು. ಮಡಿಕೆ ಹೆಚ್ಚಾದಂತೆ ಕೈಯಲ್ಲಿ ಉಳಿಯುವ ತುಂಡು ಚಿಕ್ಕದಾಗುತ್ತಾ ಹೋಗುವುದನ್ನು ಬೆರಳೇ ಹೇಳುತ್ತದೆ.

ಹದಿನಾರರ ಲೆಕ್ಕ ಬಂದಾಗ ಅಜ್ಜಂದಿರ ಆಣೆಯನ್ನೂ ಹೇಳಿಬಿಡುತ್ತೇನೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆ ಆಗುವ ಮೊದಲು ರೂಪಾಯಿಗೆ ಹದಿನಾರು ಆಣೆ ಇತ್ತು. ಇವತ್ತಿಗೂ ನಮ್ಮ ಕಡೆ ಹಿರಿಯರು ‘ಈ ಸಲ ಎಂಟಾಣೆ ಬೆಳಿ’ ಅಂದರೆ ಅರ್ಧ ಬೆಳೆ, ‘ಹನ್ನೆರಡಾಣೆ’ ಅಂದರೆ ಮುಕ್ಕಾಲು. ಎಂಟರಲ್ಲಿ ಮೂರು ಅಂದರೆ ಆರಾಣೆ, ಹದಿನಾರರಲ್ಲಿ ಐದು ಅಂದರೆ ಐದಾಣೆ. ಯಾವುದು ಹೆಚ್ಚು ಎಂದು ಅಜ್ಜನನ್ನು ಕೇಳಿದರೆ ಪೆನ್ನು ಹಿಡಿಯದೆ ಹೇಳುತ್ತಾರೆ.

ಇನ್ನು ಅಂಶವೂ ಬೇರೆ, ಛೇದವೂ ಬೇರೆ. ಇಲ್ಲಿಗೆ ಬಂದ ಕೂಡಲೇ ಬಹಳ ಮಂದಿ ಲ.ಸಾ.ಅ.ಗೆ ಕೈಹಾಕುತ್ತಾರೆ. ನಾನು ಇನ್ನೂ ಸ್ವಲ್ಪ ದಿನ ತಡೆಯುತ್ತೇನೆ, ಯಾಕೆಂದರೆ ಮಧ್ಯದಲ್ಲಿ ಒಂದು ಒಳ್ಳೆಯ ಕಂಬ ಇದೆ, ಅರ್ಧ. 3/7 ಮತ್ತು 5/9 ನೋಡಿ. ಏಳರ ಅರ್ಧ ಮೂರೂವರೆ, ಇರುವುದು ಮೂರು, ಅರ್ಧಕ್ಕೆ ಮುಟ್ಟಿಲ್ಲ. ಒಂಬತ್ತರ ಅರ್ಧ ನಾಲ್ಕೂವರೆ, ಇರುವುದು ಐದು, ಅರ್ಧ ದಾಟಿದೆ. ಒಂದು ಕಂಬದ ಈಚೆಗಿದೆ, ಇನ್ನೊಂದು ಆಚೆಗಿದೆ, ಉತ್ತರ ಸಿಕ್ಕಿತು. ಇದೇ ಲೆಕ್ಕಕ್ಕೆ ಲ.ಸಾ.ಅ. 63 ತೆಗೆದು, 27/63, 35/63 ಎಂದು ಬರೆದು ಹೋಲಿಸುವುದು ತಪ್ಪಲ್ಲ, ಆದರೆ ಪಕ್ಕದ ಮನೆಗೆ ಹೋಗಲು ಊರು ಸುತ್ತಿದಂತೆ. ಮೂರೂವರೆ, ನಾಲ್ಕೂವರೆ ಕಷ್ಟವೆನಿಸುವ ಮಕ್ಕಳಿಗೆ ಅಂಶವನ್ನು ಇಮ್ಮಡಿ ಮಾಡಲು ಹೇಳಿ. ಇಮ್ಮಡಿಸಿದ್ದು ಛೇದಕ್ಕಿಂತ ಕಡಿಮೆಯಾದರೆ ಅರ್ಧಕ್ಕಿಂತ ಕಡಿಮೆ, ಹೆಚ್ಚಾದರೆ ಅರ್ಧಕ್ಕಿಂತ ಹೆಚ್ಚು.

ಒಂದು ವರ್ಷ ಆರನೇ ತರಗತಿಯವರಿಗೆ ಬೇಕೆಂದೇ 2/91 ಮತ್ತು 45/46 ಕೊಟ್ಟೆ. ಲೆಕ್ಕದಲ್ಲಿ ಮುಂದಿದ್ದ ಹುಡುಗನೊಬ್ಬ ತಲೆ ಎತ್ತದೆ 91ಕ್ಕೂ 46ಕ್ಕೂ ಲ.ಸಾ.ಅ. ತೆಗೆಯಲು ಕುಳಿತ. ಪಾಪ, ಪುಟದ ಮುಕ್ಕಾಲು ಭಾಗ ತುಂಬಿಸಿ 4186 ಎಂದು ಸರಿಯಾಗಿಯೇ ಕಂಡುಹಿಡಿದ. ಅವನ ಪಕ್ಕದ ಹುಡುಗಿ, ಗುಣಾಕಾರದ ಮಗ್ಗಿಯಲ್ಲಿ ಇನ್ನೂ ತಡವರಿಸುವವಳು, ಪುಸ್ತಕ ಮುಚ್ಚಿಟ್ಟು ಕುಳಿತಿದ್ದಳು. ‘ಯಾಕವ್ವ ಬರೀಲಿಲ್ಲ?’ ಅಂದೆ. ‘ಒಂದು ಬರೇ ಎಲ್ಡು ಚೂರು ಐತ್ರೀ ಟೀಚರ್, ಇನ್ನೊಂದು ಪೂರಾ ತುಂಬೇ ಬಿಟ್ಟೈತಿ. ಬರೆಯೋದೇನೈತ್ರೀ?’ ಅಂದಳು. ಆ ಹುಡುಗ ಮಾಡಿದ್ದು ಶ್ರಮದ ಕೆಲಸ, ಅದಕ್ಕೆ ಬೆಲೆ ಇದೆ. ಆದರೆ ಭಿನ್ನರಾಶಿಯನ್ನು ನೋಡಿದ್ದು ಆ ಹುಡುಗಿ.

ಅರ್ಧ ಎಷ್ಟು ಮುಖ್ಯವೋ ಒಂದೂ ಅಷ್ಟೇ ಮುಖ್ಯವಾದ ಕಂಬ. 5/6 ಮತ್ತು 7/8, ಎರಡೂ ಇಡಿಯಾಗಲು ಒಂದೊಂದು ತುಂಡು ಕಡಿಮೆ. ಇಲ್ಲಿ ಮಕ್ಕಳು ಬೀಳುವ ಒಂದು ಗುಂಡಿ ಇದೆ, ಕಲಿಸುವವರು ಅದನ್ನು ಮೊದಲೇ ತಿಳಿದಿರಬೇಕು. ‘ಎರಡಕ್ಕೂ ಒಂದೊಂದೇ ಕಮ್ಮಿ ಐತಿ, ಅದಕ್ಕ ಎರಡೂ ಸಮ’ ಅನ್ನುತ್ತಾರೆ. ಕೇಳಿದರೆ ಸರಿ ಎನಿಸುವಂತಿರುವುದರಿಂದಲೇ ಈ ತಪ್ಪು ಬಿಡಿಸುವುದು ಕಷ್ಟ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ‘ಒಂದು ಏನು ಕಮ್ಮಿ?’ ಇಬ್ಬರ ಹತ್ತಿರವೂ ಒಂದೊಂದು ನಾಣ್ಯ ಕಳೆದಿದೆ, ಒಬ್ಬನದು ಐದು ರೂಪಾಯಿಯದು, ಇನ್ನೊಬ್ಬನದು ಒಂದು ರೂಪಾಯಿಯದು. ಇಬ್ಬರಿಗೂ ಆದ ನಷ್ಟ ಸಮವೇ? 5/6ಕ್ಕೆ ಕಡಿಮೆಯಿರುವುದು ಆರರಲ್ಲೊಂದು ತುಂಡು, 7/8ಕ್ಕೆ ಕಡಿಮೆಯಿರುವುದು ಎಂಟರಲ್ಲೊಂದು ತುಂಡು. ಎಂಟರ ತುಂಡು ಸಣ್ಣದು, ಹಾಗಾಗಿ 7/8ರ ಕೊರತೆ ಸಣ್ಣದು, ಅದೇ ಇಡಿಗೆ ಹತ್ತಿರ, ಅದೇ ದೊಡ್ಡದು.

ಇದೇ ಗುಂಡಿಯ ಇನ್ನೊಂದು ಬದಿ: ‘ಎಷ್ಟು ತುಂಡು ಕಮ್ಮಿ ಅಂತ ಎಣಿಸಿದ್ರ ಸಾಕು, ಕಮ್ಮಿ ತುಂಡು ಕಳಕೊಂಡಿದ್ದೇ ದೊಡ್ಡದು’ ಎನ್ನುವ ನಂಬಿಕೆ. ಆಗ 1/2 ಮತ್ತು 3/5 ಕೊಡಿ. ಅರ್ಧಕ್ಕೆ ಒಂದೇ ತುಂಡು ಕಡಿಮೆ, ಐದರಲ್ಲಿ ಮೂರಕ್ಕೆ ಎರಡು ತುಂಡು ಕಡಿಮೆ. ಆದರೂ 3/5 ದೊಡ್ಡದು, ಅರ್ಧ ದಾಟಿದೆ. ತುಂಡು ಎಣಿಸುವಾಗ ತುಂಡಿನ ಅಳತೆಯನ್ನು ಮರೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಚಿಕ್ಕ ಸಾಕ್ಷಿ ನನಗೆ ಸಿಕ್ಕಿಲ್ಲ.

ಒಂದಕ್ಕಿಂತ ದೊಡ್ಡವು ಬಂದರೆ ಇಡಿಯನ್ನು ಪಕ್ಕಕ್ಕಿಟ್ಟರೆ ಆಯಿತು. 7/5 ಅಂದರೆ ಒಂದು ಮತ್ತು 2/5, 9/7 ಅಂದರೆ ಒಂದು ಮತ್ತು 2/7. ಉಳಿದದ್ದು ಅಂಶ ಸಮವಿರುವ ಹಳೆಯ ಲೆಕ್ಕ.

ಇಷ್ಟೆಲ್ಲ ಆದ ಮೇಲೆ ಒಂದು ದಿನ 3/8 ಮತ್ತು 2/5 ಬರೆಯುತ್ತೇನೆ. ಎರಡೂ ಅರ್ಧಕ್ಕಿಂತ ಕಡಿಮೆ. ಅಂಶ ಬೇರೆ, ಛೇದ ಬೇರೆ. ಒಂದರಲ್ಲಿ ತುಂಡು ಹೆಚ್ಚು ಆದರೆ ಸಣ್ಣವು, ಇನ್ನೊಂದರಲ್ಲಿ ತುಂಡು ದೊಡ್ಡವು ಆದರೆ ಕಡಿಮೆ. ಅಂದಾಜಿನ ಕಣ್ಣು ಇಲ್ಲಿ ಸೋಲುತ್ತದೆ, ತರಗತಿ ಎರಡು ಪಕ್ಷವಾಗುತ್ತದೆ. ವಿಧಾನ ಕಲಿಸಲು ಇದೇ ಸರಿಯಾದ ಹೊತ್ತು, ಯಾಕೆಂದರೆ ಈಗ ಮಕ್ಕಳಿಗೇ ಅದು ಬೇಕಾಗಿದೆ.

ನಮ್ಮ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಮುನಿರಾಬಾದಿನಿಂದ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯವರೆಗೆ ಯಾವ ಮನೆಯ ಮಗುವನ್ನು ಕೇಳಿದರೂ ಎಕರೆಗೆ ಎಷ್ಟು ಗುಂಟೆ ಎಂದು ಹೇಳುತ್ತದೆ. ‘ನಲವತ್ತು ಗುಂಟಿ ರೀ.’ ಹಾಗಾದರೆ ಕತೆ ಹೀಗೆ: ಒಂದೊಂದು ಎಕರೆಯ ಎರಡು ಹೊಲ. ಅಕ್ಕನಿಗೆ ಒಂದು ಹೊಲದ ಎಂಟರಲ್ಲಿ ಮೂರು ಪಾಲು, ತಮ್ಮನಿಗೆ ಇನ್ನೊಂದು ಹೊಲದ ಐದರಲ್ಲಿ ಎರಡು ಪಾಲು. ಯಾರಿಗೆ ಹೆಚ್ಚು ಬಂತು?

ಹಳೆಯ ಕ್ಯಾಲೆಂಡರಿನ ಹಿಂಬದಿಯಿಂದ 40 ಸೆಂಟಿಮೀಟರ್ ಉದ್ದದ ಎರಡು ಪಟ್ಟಿ ಕತ್ತರಿಸುತ್ತೇವೆ. ಮಕ್ಕಳ ಅಳತೆಪಟ್ಟಿ 30ಕ್ಕೇ ಮುಗಿಯುವುದರಿಂದ ದರ್ಜಿಯ ಟೇಪು ತಂದಿರುತ್ತೇನೆ. ಒಂದು ಸೆಂಟಿಮೀಟರ್ ಒಂದು ಗುಂಟೆ, ಪಟ್ಟಿ ಪೂರ್ತಿ ಒಂದು ಎಕರೆ. ಮೊದಲ ಪಟ್ಟಿಯನ್ನು ಮೂರು ಸಲ ಮಡಚಿದರೆ ಎಂಟು ಭಾಗ. ಒಂದೊಂದೂ ಅಳೆದರೆ ಐದು ಸೆಂಟಿಮೀಟರ್. ಅದರಲ್ಲಿ ಮೂರಕ್ಕೆ ಹಸಿರು ಬಣ್ಣ. ಎರಡನೇ ಪಟ್ಟಿಯನ್ನು ಮಡಚಿ ಐದು ಮಾಡಲು ಬರುವುದಿಲ್ಲ, ಟೇಪು ಹಿಡಿದು ಎಂಟೆಂಟು ಸೆಂಟಿಮೀಟರಿಗೆ ಗೆರೆ ಎಳೆಯಬೇಕು. ಅದರಲ್ಲಿ ಎರಡಕ್ಕೆ ಹಸಿರು. ಎರಡೂ ಪಟ್ಟಿಯನ್ನು ನೆಲದ ಮೇಲೆ ಎಡತುದಿ ಸರಿಹೊಂದಿಸಿ ಜೋಡಿಸಿದರೆ, ಎರಡನೆಯದರ ಹಸಿರು ಒಂದೇ ಒಂದು ಬೆರಳಗಲ ಮುಂದೆ ಹೋಗಿರುತ್ತದೆ. ಹದಿನೈದು ಗುಂಟೆ, ಹದಿನಾರು ಗುಂಟೆ. ತಮ್ಮನಿಗೆ ಒಂದು ಗುಂಟೆ ಹೆಚ್ಚು.

‘ಒಂದೇ ಗುಂಟಿ ಅಲ್ರೀ?’ ಅನ್ನುವ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು 33 ಅಡಿ ಉದ್ದ, 33 ಅಡಿ ಅಗಲಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸುತ್ತೇನೆ. ಗುಂಟೆ ಅಂದರೆ ಅಷ್ಟು, 1089 ಚದರ ಅಡಿ. ನಮ್ಮ ತರಗತಿ ಕೋಣೆ ಅದರೊಳಗೆ ಹೋಗಿ ಇನ್ನೂ ಜಾಗ ಉಳಿಯುತ್ತದೆ. ಅಷ್ಟು ಜಾಗಕ್ಕೆ ಅಣ್ಣತಮ್ಮಂದಿರು ಏನೇನು ಮಾಡಿಕೊಂಡಿದ್ದಾರೆ ಎಂಬುದು ಮಕ್ಕಳಿಗೂ ಗೊತ್ತು, ನನಗೂ ಗೊತ್ತು.

ಈಗ ಬೋರ್ಡಿಗೆ ಬಂದು ಆಗಿದ್ದನ್ನೇ ಬರೆಯುತ್ತೇವೆ. 3/8 ಅಂದರೆ 15/40. 2/5 ಅಂದರೆ 16/40. ತುಂಡಿನ ಅಳತೆ ಒಂದೇ ಆಯಿತು, ಇನ್ನು ಎಣಿಸಿದರೆ ಸಾಕು. ಎಂಟಕ್ಕೂ ಐದಕ್ಕೂ ಲ.ಸಾ.ಅ. ನಲವತ್ತು. ‘ಛೇದ ಸಮ ಮಾಡುವುದು’ ಎನ್ನುವ ವಿಧಾನದ ಹುರುಳು ಇಷ್ಟೇ, ಎರಡೂ ಪಾಲನ್ನು ಒಂದೇ ಗುಂಟೆಯಲ್ಲಿ ಅಳೆಯುವುದು. ಛೇದಗಳು 12 ಮತ್ತು 5 ಆದಾಗ ಗುಂಟೆ ಕೈಕೊಡುತ್ತದೆ, ಗಡಿಯಾರ ಕೈಹಿಡಿಯುತ್ತದೆ. ಒಂದು ತಾಸಿನ 7/12 ಅಂದರೆ 35 ನಿಮಿಷ, 3/5 ಅಂದರೆ 36 ನಿಮಿಷ. ಮೋಟರ್ ಯಾರ ಹೊಲಕ್ಕೆ ಹೆಚ್ಚು ಹೊತ್ತು ನೀರು ಬಿಟ್ಟಿತು? ಒಂದು ನಿಮಿಷದ ವ್ಯತ್ಯಾಸ. 12ಕ್ಕೂ 5ಕ್ಕೂ ಲ.ಸಾ.ಅ. 60. ಹೀಗೆ ನಾಲ್ಕಾರು ಲೆಕ್ಕ ಆದ ಮೇಲೆ ಮಕ್ಕಳೇ ಕೇಳುತ್ತಾರೆ, ‘ಗುಂಟಿನೂ ಇಲ್ಲ, ನಿಮಿಷಾನೂ ಇಲ್ಲ ಅಂದ್ರ ಏನ್ಮಾಡೋದ್ರೀ?’ ಆಗ ನಾವೇ ಒಂದು ಗುಂಟೆ ಕಟ್ಟಿಕೊಳ್ಳಬೇಕು, ಅದಕ್ಕೇ ಲ.ಸಾ.ಅ. ಎಂದು ಹೇಳುತ್ತೇನೆ.

ಸಿರುಗುಪ್ಪದ ಕಡೆ ಬಳಗ ಇರುವ ಮಕ್ಕಳು ಇನ್ನೊಂದು ಲೆಕ್ಕ ತರುತ್ತಾರೆ. ಮದ್ರಾಸ್ ಆಡಳಿತದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿದ ಬಳ್ಳಾರಿಯಲ್ಲಿ ಸೆಂಟ್ ಲೆಕ್ಕವೂ ಓಡಾಡುತ್ತದೆ. ಎಕರೆಗೆ ನೂರು ಸೆಂಟ್. ಅದೇ 3/8 ಎಕರೆ ಮೂವತ್ತೇಳೂವರೆ ಸೆಂಟ್, 2/5 ಎಕರೆ ನಲವತ್ತು ಸೆಂಟ್. ಅಳತೆ ಬದಲಾಯಿತು, ಅಂಕಿ ಬದಲಾಯಿತು, ದೊಡ್ಡದು ದೊಡ್ಡದಾಗಿಯೇ ಉಳಿಯಿತು. ಮುಂದೆ ಏಳನೇ ತರಗತಿಯಲ್ಲಿ ಶೇಕಡಾ ಬಂದಾಗ ಇದೇ ಸೆಂಟ್ ಲೆಕ್ಕವನ್ನು ನೆನಪಿಸಿದರೆ ಅರ್ಧ ಕೆಲಸ ಮುಗಿದಿರುತ್ತದೆ.

ಅಡ್ಡ ಗುಣಾಕಾರದ ಬಗ್ಗೆ ನನಗೆ ಸಿಟ್ಟಿಲ್ಲ, ಆದರೆ ಅದನ್ನು ಮಂತ್ರದಂತೆ ಕೊಡುವುದನ್ನು ಒಪ್ಪಲಾರೆ. 3/8 ಮತ್ತು 2/5ಕ್ಕೆ 3×5 ಮಾಡಿ 15, 2×8 ಮಾಡಿ 16, ಹದಿನಾರು ಇರುವ ಕಡೆಯದು ದೊಡ್ಡದು. ಎರಡೇ ಗುಣಾಕಾರ, ಉತ್ತರ ಸಿದ್ಧ. ಆದರೆ ಆ 15, 16 ಎಲ್ಲಿಂದ ಬಂದವು? ನೋಡಿ, ಅವು ನಮ್ಮ ಗುಂಟೆಗಳೇ! ಕೆಳಗಿನ ನಲವತ್ತನ್ನು ಬರೆಯದೆ ಬಿಟ್ಟಿದ್ದೇವೆ, ಅಷ್ಟೇ. ಎರಡೂ ಕಡೆ ಛೇದ ಒಂದೇ ಆಗಿರುವುದರಿಂದ ಬರೆಯುವ ಗರಜಿಲ್ಲ. ಈ ಗುಟ್ಟನ್ನು ಹೇಳದೆ ಕಲಿಸಿದರೆ ಮಗು 15ನ್ನು ಯಾವ ಭಿನ್ನರಾಶಿಯ ತಲೆಯ ಮೇಲೆ ಬರೆಯಬೇಕೆಂದು ಗೊಂದಲಪಡುತ್ತದೆ. ಅಂಶದಿಂದ ಆಚೆಯ ಛೇದಕ್ಕೆ ಗುಣಿಸಿ, ಬಂದದ್ದನ್ನು ಆ ಅಂಶದ ಮೇಲೇ ಬರೆಯಬೇಕು; ಹದಿನೈದು ಗುಂಟೆ ಎಂಟರಲ್ಲಿ ಮೂರು ಪಾಲಿನದು, ಐದರಲ್ಲಿ ಎರಡು ಪಾಲಿನದಲ್ಲ. ಇನ್ನೂ ಕೆಟ್ಟದ್ದೆಂದರೆ, ಕೂಡುವ ಲೆಕ್ಕ ಬಂದಾಗಲೂ ಕೆಲವರು ಅಡ್ಡಡ್ಡ ಗುಣಿಸಿ ಕೂಡಿ ಉತ್ತರ 31 ಎಂದು ಬರೆದುಬಿಡುತ್ತಾರೆ. ಒಂದು ಎಕರೆಯೂ ಆಗದ ಎರಡು ಪಾಲು ಸೇರಿ ಮೂವತ್ತೊಂದು ಎಕರೆ ಆಯಿತೇ ಎಂದು ಕೇಳಿದರೆ ನಗುತ್ತಾರೆ. ನಗು ಬಂತು ಅಂದರೆ ಅರ್ಥವಾಯಿತು ಎಂದೇ ಲೆಕ್ಕ.

ಇದು ನಮ್ಮ ನೆಲದಲ್ಲೇ ಬೆಳೆದ ವಿದ್ಯೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ದೊರೆಯ ರಾಜಧಾನಿ ಮಾನ್ಯಖೇಟ, ಈಗ ಕಲಬುರಗಿ ಜಿಲ್ಲೆಯ ಮಳಖೇಡ. ಛೇದಗಳನ್ನು ಸುಮ್ಮನೆ ಒಂದಕ್ಕೊಂದು ಗುಣಿಸದೆ, ಎಲ್ಲ ಛೇದಗಳಿಗೂ ಸಲ್ಲುವ ಅತಿ ಚಿಕ್ಕ ಸಂಖ್ಯೆಯನ್ನು ಹುಡುಕಿ ಅದನ್ನೇ ಸಮ ಛೇದವಾಗಿ ಇಟ್ಟುಕೊಳ್ಳುವ ಕ್ರಮವನ್ನು ಅವನು ಹೇಳಿದ್ದಾನೆ. ಆ ಸಂಖ್ಯೆಗೆ ‘ನಿರುದ್ಧ’ ಎಂದು ಕರೆದ. ನಾವು ಲ.ಸಾ.ಅ. ಎನ್ನುವುದು ಅದನ್ನೇ. 5/6 ಮತ್ತು 7/8ಕ್ಕೆ ಛೇದಗಳನ್ನು ಗುಣಿಸಿದರೆ 48 ಬರುತ್ತದೆ: 40/48, 42/48. ನಿರುದ್ಧ ತೆಗೆದರೆ 24 ಸಾಕು: 20/24, 21/24. ಉತ್ತರ ಎರಡರಲ್ಲೂ ಒಂದೇ, ಬೆವರು ಮಾತ್ರ ಕಡಿಮೆ. ‘ಮಳಖೇಡದಾಗ ಇದ್ರಾ ರೀ?’ ಎಂದು ಕಣ್ಣರಳಿಸುವ ಮಕ್ಕಳನ್ನು ನೋಡಿದಾಗ ಆ ಹತ್ತು ನಿಮಿಷ ವ್ಯರ್ಥವಾಗಲಿಲ್ಲ ಎನಿಸುತ್ತದೆ.

ಕೊನೆಗೆ ಸಂಖ್ಯಾರೇಖೆ. ಪಟ್ಟಿ, ರೊಟ್ಟಿ, ಗುಂಟೆ ಎಲ್ಲ ಪಾಲನ್ನು ತೋರಿಸುತ್ತವೆ. ಭಿನ್ನರಾಶಿಯೂ ಒಂದು ಸಂಖ್ಯೆ, ಅದಕ್ಕೂ ತನ್ನದೇ ಜಾಗ ಇದೆ ಎಂದು ತೋರಿಸುವುದು ರೇಖೆ ಮಾತ್ರ. ಬಾಗಿಲಿನಿಂದ ಕಿಟಕಿಗೆ ಒಂದು ದಾರ ಕಟ್ಟಿ, ಬಾಗಿಲ ಕಡೆ ಸೊನ್ನೆ, ಕಿಟಕಿ ಕಡೆ ಒಂದು. ಮಕ್ಕಳ ಕೈಗೆ 2/3, 3/8, 1/2, 5/6, 3/10 ಬರೆದ ಚೀಟಿ ಮತ್ತು ಬಟ್ಟೆ ಒಣಹಾಕುವ ಕ್ಲಿಪ್ಪು. ಈ ಐದಕ್ಕೂ ಲ.ಸಾ.ಅ. ತೆಗೆದರೆ 120. ತೆಗೆಯಬೇಕಿಲ್ಲ. 1/2 ನಡುವೆ ನೇತಾಡುತ್ತದೆ. 3/8, 3/10 ಎರಡೂ ಅದರ ಎಡಕ್ಕೆ, ಅಂಶ ಸಮ, ಹಾಗಾಗಿ 3/10 ಇನ್ನೂ ಎಡಕ್ಕೆ. 2/3, 5/6 ಬಲಕ್ಕೆ; ಒಂದಕ್ಕೆ ಮೂರರಲ್ಲೊಂದು ಕಡಿಮೆ, ಇನ್ನೊಂದಕ್ಕೆ ಆರರಲ್ಲೊಂದು ಕಡಿಮೆ, ಹಾಗಾಗಿ 5/6 ಕಿಟಕಿಗೆ ಹತ್ತಿರ. ಏರಿಕೆ ಕ್ರಮ ದಾರದ ಮೇಲೇ ಬರೆದುಕೊಂಡಿತು.

ಆ ದಾರವನ್ನು ನಾನು ವರ್ಷವಿಡೀ ಬಿಚ್ಚುವುದಿಲ್ಲ. ಕೂಡುವ ಲೆಕ್ಕದಲ್ಲಿ ಯಾರಾದರೂ 1/2 + 1/3 = 2/5 ಎಂದು ಬರೆದಾಗ ಬೈಯುವ ಅಗತ್ಯವೇ ಇಲ್ಲ. ‘ಐದರಾಗ ಎರಡು ಎಲ್ಲಿ ಬರ್ತದ, ಹೋಗಿ ಹಾಕಪ್ಪ’ ಅಂದರೆ ಸಾಕು. ಹೋಗಿ ಅರ್ಧದ ಎಡಕ್ಕೆ ಕ್ಲಿಪ್ಪು ಹಾಕುತ್ತಾನೆ, ಹಾಕಿದವನೇ ನಿಂತುಬಿಡುತ್ತಾನೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು?

ಆಗಾಗ ಸಮ ಇರುವ ಜೋಡಿಯನ್ನೂ ಕೊಡುವುದು ಒಳ್ಳೆಯದು, 4/6 ಮತ್ತು 6/9ರಂಥವು. ‘ಯಾವುದು ದೊಡ್ಡದು’ ಎಂದು ಕೇಳಿದ ಮೇಲೆ ಒಂದಾದರೂ ದೊಡ್ಡದಿರಲೇಬೇಕು ಎಂದು ಮಕ್ಕಳು ನಂಬಿರುತ್ತಾರೆ. ಎರಡೂ ಮೂರನೇ ಎರಡರಷ್ಟೇ, ಒಂದೇ ಕ್ಲಿಪ್ಪಿನಲ್ಲಿ ಎರಡೂ ಚೀಟಿ ಸಿಕ್ಕಿಸಬೇಕು ಎಂದು ಗೊತ್ತಾದಾಗ ಅವರಿಗೆ ಆಗುವ ಅಚ್ಚರಿ ನೋಡಬೇಕು.

ಹೋದ ವರ್ಷ ಪಾಠ ಮುಗಿಯುವ ವಾರ 4/9 ಮತ್ತು 5/11 ಕೊಟ್ಟಿದ್ದೆ. ಎರಡೂ ಅರ್ಧಕ್ಕಿಂತ ಕಡಿಮೆ, ಎರಡೂ ಒಂದಕ್ಕೊಂದು ತೀರ ಹತ್ತಿರ. ಅಡ್ಡ ಗುಣಾಕಾರ ಮಾಡುತ್ತಾರೆ, 44 ಮತ್ತು 45 ಬರುತ್ತದೆ ಎಂದೇ ನಾನು ಕಾಯುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಎದ್ದು ದಾರದ ಹತ್ತಿರ ಬಂದು, ಅರ್ಧದ ಚೀಟಿಯನ್ನು ಬೆರಳಿನಿಂದ ಮುಟ್ಟಿ ನಿಧಾನವಾಗಿ ಹೇಳಿದಳು. ‘ಒಂಬತ್ತರ ಅರ್ಧ ನಾಕೂವರಿ ರೀ, ಇರೋದು ನಾಕು. ಅರ್ಧ ತುಂಡು ಕಮ್ಮಿ. ಹನ್ನೊಂದರ ಅರ್ಧ ಐದೂವರಿ, ಇರೋದು ಐದು. ಇದಕ್ಕೂ ಅರ್ಧ ತುಂಡು ಕಮ್ಮಿ. ಆದ್ರ ಹನ್ನೊಂದರ ತುಂಡು ಸಣ್ಣದಲ್ರೀ, ಅದರ ಅರ್ಧಾನೂ ಸಣ್ಣದು. ಅದಕ್ಕ ಹನ್ನೊಂದರಾಗ ಐದು ಅರ್ಧದ ಹತ್ರ ಐತಿ. ಅದ ದೊಡ್ಡದು.’

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಇನ್ನೊಂದು ಸಲ ಹೇಳವ್ವ ಅಂದೆ, ಎಲ್ಲರಿಗೂ ಕೇಳಿಸಲಿ ಎಂದು. ಅವಳು 5/11ರ ಚೀಟಿಯನ್ನು ಅರ್ಧದ ಪಕ್ಕದಲ್ಲೇ, 4/9ನ್ನು ಅದರ ಎಡಕ್ಕೆ ಒಂದು ಎಳೆಯಷ್ಟು ಜಾಗ ಬಿಟ್ಟು ಸಿಕ್ಕಿಸಿ ತನ್ನ ಜಾಗಕ್ಕೆ ಹೋಗಿ ಕುಳಿತಳು.